ಹಸಿರು ಬಣ್ಣದಲ್ಲಿತ್ತು, ಏನೆಂದು ನೆನಪಿಲ್ಲ: ನೋಟ್ಸ್ ಮಾಡಿಕೊಳ್ಳುವ ಬಗೆ

ಮಂಡ್ಯದಿಂದ ಮೈಸೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಕಾಲೇಜು ಮಕ್ಕಳದೇ ದರ್ಬಾರು. ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಬೋಗಿ ತಣ್ಣಗಾಗುತ್ತದೆ. ತೊಡೆತೊಡೆಯ ಮೇಲೂ ಒಂದೊಂದು ಲಾಂಗ್ ನೋಟ್‌ಬುಕ್ ತೆರೆದುಕೊಳ್ಳುತ್ತದೆ. ಅಂಥದೊಂದು ಬೆಳಿಗ್ಗೆ ಎದುರು ಕುಳಿತಿದ್ದ ಪಿಯು ಹುಡುಗಿಯ ಪುಸ್ತಕ ಕಣ್ಣಿಗೆ ಬಿತ್ತು. ಆಂಗ್ಲೋ-ಮೈಸೂರು ಯುದ್ಧಗಳ ಪಾಠ. ಇತಿಹಾಸ ನಾನು ಕಲಿಸುವ ವಿಷಯ, ಹಾಗಾಗಿ ಬಾಯಿ ಸುಮ್ಮನಿರಲಿಲ್ಲ.

“ಏನಮ್ಮ, ಮಂಗಳೂರು ಒಪ್ಪಂದದಲ್ಲಿ ಯಾರ ಕೈ ಮೇಲಾಯಿತು?”

ಅವಳು ಕಣ್ಣು ಮುಚ್ಚಿದಳು. “ಗೊತ್ತು ಮೇಡಂ. ಬಲಗಡೆಯ ಪುಟ, ಕೆಳಗೆ, ಹಸಿರು ಬಣ್ಣದಲ್ಲಿ ಗೆರೆ ಎಳೆದಿದ್ದೇನೆ.”

“ಸರಿ, ಅಲ್ಲಿ ಏನು ಬರೆದಿದೆ?”

“ಅದೇ ಬರುತ್ತಿಲ್ಲ ಮೇಡಂ.”

ಪುಸ್ತಕ ಇಸಿದುಕೊಂಡು ನೋಡಿದೆ. ಮುತ್ತು ಪೋಣಿಸಿದಂಥ ಅಕ್ಷರ. ಸ್ಕೇಲು ಹಿಡಿದು ಎಳೆದ ಗೆರೆ, ನಾಲ್ಕು ಬಣ್ಣ, ಒಂದು ಕಾಟು ಹೊಡೆದ ಪದವಿಲ್ಲ. ಸೋಮಾರಿತನದ ಮಾತನ್ನು ಯಾರೂ ಎತ್ತುವ ಹಾಗಿರಲಿಲ್ಲ. ಇಷ್ಟು ದುಡಿದ ಮೇಲೂ ಪುಟದ ಜಾಗ ನೆನಪಿನಲ್ಲಿ ಉಳಿದು ಪುಟದ ಮಾತು ಉಳಿಯದೇ ಹೋಗುವುದು ಹೇಗೆ?

ಉತ್ತರದ ಅರ್ಧ ನಮ್ಮ ಮಾತಿನಲ್ಲೇ ಇದೆ. ನೋಟ್ಸಿನ ಜೊತೆ ನಾವು ಬಳಸುವ ಕ್ರಿಯಾಪದಗಳನ್ನು ಗಮನಿಸಿ. ಮೇಷ್ಟರು ನೋಟ್ಸ್ ಕೊಡುತ್ತಾರೆ ಅಥವಾ ಬರೆಸುತ್ತಾರೆ. ರಜೆ ಹಾಕಿದವರು ಗೆಳತಿಯ ಪುಸ್ತಕದಿಂದ ಇಳಿಸಿಕೊಳ್ಳುತ್ತಾರೆ. ಅದಕ್ಕೂ ಪುರುಸೊತ್ತಿಲ್ಲದವರು ಜೆರಾಕ್ಸ್ ಮಾಡಿಸುತ್ತಾರೆ. ವರ್ಷದ ಕೊನೆಗೆ ತಿದ್ದಿಸಿ ಸಹಿ ಹಾಕಿಸುತ್ತಾರೆ. ಇಷ್ಟರಲ್ಲಿ ಎಲ್ಲಿಯೂ ವಿದ್ಯಾರ್ಥಿಯ ತಲೆಗೆ ಕೆಲಸವಿಲ್ಲ. ಇರುವುದು ಕೈಗೆ, ಕಾಲಿಗೆ, ಜೇಬಿಗೆ. “ನೋಟ್ಸ್ ಮಾಡಿಕೊಳ್ಳುವುದು” ಎಂಬ ಮಾತೂ ಕನ್ನಡದಲ್ಲಿದೆ, ಆದರೆ ತರಗತಿಯಲ್ಲಿ ಅದು ಕೇಳಿಸುವುದು ಅಪರೂಪ. ಆ “ಕೊಳ್ಳುವುದು” ಎಂಬ ಬಾಲದಲ್ಲೇ ವಿಷಯವೆಲ್ಲ ಇದೆ: ತನಗಾಗಿ ತಾನು ಮಾಡಿದ್ದು.

ಮೊದಲು ತರಗತಿಯೊಳಗೆ ಏನಾಗುತ್ತದೆ ಎಂದು ನೋಡೋಣ. ಇಂಗ್ಲಿಷ್ ಉಪನ್ಯಾಸದ ಲೆಕ್ಕ ಹಿಡಿದರೆ ಮಾತು ನಿಮಿಷಕ್ಕೆ 120 ಪದಗಳ ಆಸುಪಾಸಿನಲ್ಲಿ ಓಡುತ್ತದೆ. ಕೈ ಬರೆಯಬಲ್ಲದ್ದು ಇಪ್ಪತ್ತು ಮೂವತ್ತು ಪದ. ಕನ್ನಡದಲ್ಲಿ ಪದಗಳು ಉದ್ದ, ಜೊತೆಗೆ ಒತ್ತಕ್ಷರ, ದೀರ್ಘ, ಕೊಂಬು. ಓಟದಲ್ಲಿ ಕೈ ಗೆಲ್ಲುವುದು ಸಾಧ್ಯವೇ ಇಲ್ಲ. ಎಲ್ಲವನ್ನೂ ಬರೆಯಲು ಹೊರಟವರು ಬರೆಯುತ್ತಿರುವ ವಾಕ್ಯ ಮುಗಿಯುವಷ್ಟರಲ್ಲಿ ಮುಂದಿನ ನಾಲ್ಕು ವಾಕ್ಯ ಕಳೆದುಕೊಂಡಿರುತ್ತಾರೆ.

ಇದರ ಮೇಲೆ ಇನ್ನೊಂದು ಇಕ್ಕಟ್ಟು. ಕೇಳಿದ್ದನ್ನು ಆ ಕ್ಷಣಕ್ಕೆ ಹಿಡಿದಿಟ್ಟುಕೊಳ್ಳುವ ನೆನಪು ಒಂದು ಬೊಗಸೆಯಷ್ಟೇ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಅದರ ಅಳತೆಯನ್ನು ಏಳು, ಎರಡು ಹೆಚ್ಚು ಅಥವಾ ಎರಡು ಕಡಿಮೆ ಎಂದು ಲೆಕ್ಕ ಹಾಕಿದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ಇನ್ನೂ ಇಳಿಸಿ ನಾಲ್ಕರ ಸುಮಾರಿಗೆ ತಂದರು. ಏಳೋ ನಾಲ್ಕೋ ಏನನ್ನು ಎಂದರೆ ತುಣುಕುಗಳನ್ನು. ಹತ್ತು ಅಂಕಿಯ ಮೊಬೈಲ್ ನಂಬರನ್ನು ನಾವು ಒಂದೊಂದೇ ಅಂಕಿಯಾಗಿ ಹೇಳುವುದಿಲ್ಲ, ಗುಂಪು ಮಾಡಿ ಹೇಳುತ್ತೇವಲ್ಲ, ಅದಕ್ಕೆ ಇದೇ ಕಾರಣ. ಕೇಳುವುದು, ಅರ್ಥ ಮಾಡಿಕೊಳ್ಳುವುದು, ಯಾವುದು ಮುಖ್ಯವೆಂದು ಆರಿಸುವುದು, ಬರೆಯುವುದು ಈ ನಾಲ್ಕೂ ಅದೇ ಬೊಗಸೆಯಲ್ಲಿ ಆಗಬೇಕು. ಅಕ್ಷರಶಃ ಬರೆಯಲು ಹೊರಟಾಗ ಬರೆಯುವುದೊಂದೇ ಬೊಗಸೆಯನ್ನು ತುಂಬುತ್ತದೆ. ಅರ್ಥ ಮಾಡಿಕೊಳ್ಳುವ ಕೆಲಸವನ್ನು “ಮನೆಗೆ ಹೋಗಿ ಓದಿದರಾಯಿತು” ಎಂದು ಮುಂದೂಡಲಾಗುತ್ತದೆ. ಮನೆಗೆ ಹೋದ ಮೇಲೆ ಆಗುವುದು ನಮಗೆಲ್ಲ ಗೊತ್ತು.

ಮುಂದೂಡಿದ್ದಕ್ಕೆ ಬಡ್ಡಿಯೂ ಇದೆ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾವೇ ಉರು ಹೊಡೆದು, ಎಷ್ಟು ಹೊತ್ತಿಗೆ ಎಷ್ಟು ಮರೆತೆ ಎಂದು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದರು. ಅದೇ ಪಟ್ಟಿಯನ್ನು ಮತ್ತೆ ಕಲಿಯುವಾಗ ಶ್ರಮ ಎಷ್ಟು ಉಳಿಯಿತು ಎಂಬುದು ಅವರ ಅಳತೆಗೋಲು. ಇಪ್ಪತ್ತು ನಿಮಿಷದ ಬಳಿಕ ಉಳಿತಾಯ ಶೇ 58, ಒಂದು ದಿನದ ಬಳಿಕ ಶೇ 34, ಒಂದು ತಿಂಗಳಿಗೆ ಶೇ 21. ಅರ್ಥವಿರುವ ಪಾಠ ಇಷ್ಟು ಬೇಗ ಸೋರುವುದಿಲ್ಲ ನಿಜ. ಆದರೆ ಸೋರುವ ರೀತಿಯನ್ನು ಗಮನಿಸಿ: ಮೊದಲ ದಿನವೇ ದೊಡ್ಡ ತೂತು, ಆಮೇಲೆ ಹನಿಹನಿ. ಭಾನುವಾರ ಕುಳಿತು ವಾರದ ನೋಟ್ಸನ್ನೆಲ್ಲ ಫೇರ್ ಮಾಡುತ್ತೇನೆ ಎನ್ನುವ ಮಕ್ಕಳು ನೀರು ಹರಿದುಹೋದ ಮೇಲೆ ತೂಬು ಮುಚ್ಚುವವರು. ಫೇರ್ ಕಾಪಿಯ ಮೇಲೆ ನನಗೆ ಹಳೆಯ ಸಿಟ್ಟಿದೆ, ಒಪ್ಪಿಕೊಳ್ಳುತ್ತೇನೆ. ಅದೇ ವಾಕ್ಯವನ್ನು ಇನ್ನಷ್ಟು ದುಂಡಾಗಿ ಬರೆಯಲು ಎರಡು ಗಂಟೆ ಕೊಡುವ ಬದಲು ಮಲಗಿ ನಿದ್ದೆ ಮಾಡಿದರೆ ಒಳ್ಳೆಯದು.

ಇನ್ನು ಪುಟಕ್ಕೆ ಬರೋಣ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮಕ್ಕಳಿಗೆ ಓದುವ ಬಗೆ ಕಲಿಸುತ್ತಿದ್ದ ವಾಲ್ಟರ್ ಪಾಕ್ 1950ರ ದಶಕದಲ್ಲಿ ಒಂದು ವಿನ್ಯಾಸ ಮಾಡಿದರು. ಹಾಳೆಯ ಎಡಕ್ಕೆ ಎರಡೂವರೆ ಇಂಚು ಬಿಟ್ಟು ಉದ್ದಕ್ಕೆ ಒಂದು ಗೆರೆ, ಕೆಳಗೆ ಎರಡು ಇಂಚು ಬಿಟ್ಟು ಅಡ್ಡಕ್ಕೆ ಒಂದು ಗೆರೆ. ಬಲಗಡೆಯ ದೊಡ್ಡ ಜಾಗ ತರಗತಿಯಲ್ಲಿ ಬರೆಯುವುದಕ್ಕೆ. ಎಡಗಡೆ ತರಗತಿಯಲ್ಲಿ ಖಾಲಿ ಇರಬೇಕು. ಪಾಠ ಮುಗಿದ ಮೇಲೆ ಅಲ್ಲಿ ಪ್ರಶ್ನೆ. ಕೆಳಗೆ ಒಂದೆರಡು ವಾಕ್ಯದಲ್ಲಿ ಪುಟದ ಸಾರ. ಅಂಗಡಿಯಲ್ಲಿ ಸಿಗುವ ಲಾಂಗ್ ನೋಟ್‌ಬುಕ್ಕಿನಲ್ಲಿ ಮಾರ್ಜಿನ್ ಅಷ್ಟು ಅಗಲವಿರುವುದಿಲ್ಲ. ಮೂರು ಬೆರಳಗಲ ಬಿಟ್ಟು ನೀವೇ ಗೆರೆ ಎಳೆದುಕೊಂಡರೆ ಆಯಿತು.

ಹೇಳಿದರೆ ಸಪ್ಪೆ. ಮಾಡಿ ನೋಡಿದರೆ ಗೊತ್ತಾಗುತ್ತದೆ. ಆ ಹುಡುಗಿಯ ಪುಸ್ತಕದಲ್ಲಿದ್ದ, ಮೇಷ್ಟರು ಬರೆಸಿದ್ದ ಭಾಗ ಹೆಚ್ಚುಕಡಿಮೆ ಹೀಗಿತ್ತು: “1769ರ ಮದ್ರಾಸ್ ಒಪ್ಪಂದದ ಪ್ರಕಾರ ಉಭಯ ಪಕ್ಷಗಳೂ ತಾವು ಗೆದ್ದುಕೊಂಡಿದ್ದ ಪ್ರದೇಶಗಳನ್ನು ಹಿಂದಿರುಗಿಸಲು ಹಾಗೂ ಅನ್ಯರು ದಾಳಿ ಮಾಡಿದ ಸಂದರ್ಭದಲ್ಲಿ ಪರಸ್ಪರ ಸಹಾಯ ನೀಡಲು ಒಪ್ಪಿಕೊಂಡವು. ಆದರೆ 1771ರಲ್ಲಿ ಮರಾಠರು ಮೈಸೂರಿನ ಮೇಲೆ ದಾಳಿ ಮಾಡಿದಾಗ ಬ್ರಿಟಿಷರು ಹೈದರಾಲಿಯ ಸಹಾಯಕ್ಕೆ ಬರಲಿಲ್ಲ. 1779ರಲ್ಲಿ ಬ್ರಿಟಿಷರು ಫ್ರೆಂಚರ ಮಾಹೆಯನ್ನು ವಶಪಡಿಸಿಕೊಂಡದ್ದು ಎರಡನೆಯ ಯುದ್ಧಕ್ಕೆ ಕಾರಣವಾಯಿತು.” ಇದರಲ್ಲಿ ತಪ್ಪೇನೂ ಇಲ್ಲ. ಕೊಕ್ಕೆಯೂ ಇಲ್ಲ, ಎಲ್ಲಿ ಕೈ ಹಾಕಿದರೂ ಜಾರುತ್ತದೆ.

ಅದೇ ಭಾಗ ಬಲಗಡೆಯ ಅಂಕಣಕ್ಕೆ ಹೀಗೆ ಇಳಿಯಬಹುದು:

1769 ಮದ್ರಾಸ್: ಗೆದ್ದದ್ದು ವಾಪಸ್ + ಪರಸ್ಪರ ನೆರವು
1771 ಮರಾಠರ ದಾಳಿ → ಬ್ರಿ. ನೆರವು ಬರಲಿಲ್ಲ
1779 ಮಾಹೆ (ಫ್ರೆಂಚ್ ಬಂದರು) → ಬ್ರಿ. ಕೈಗೆ
1780 ಯುದ್ಧ 2

ನಾಲ್ಕು ಸಾಲು, ಮೂವತ್ತು ಸೆಕೆಂಡಿನ ಕೆಲಸ. ಮಿಕ್ಕ ಹೊತ್ತು ಕಿವಿಗೆ. ಬಾಣದ ಗುರುತು ಇಲ್ಲಿ ಅಲಂಕಾರಕ್ಕೆ ಬಂದದ್ದಲ್ಲ, ಒಂದು ಇನ್ನೊಂದನ್ನು ತಂದಿತು ಎನ್ನುವುದಕ್ಕೆ ಬಂದದ್ದು. “ಬ್ರಿ.” ಎಂಬ ಕಿರುರೂಪ ನಿಮಗೆ ಅರ್ಥವಾದರೆ ಸಾಕು, ಸಹಿ ಹಾಕುವವರಿಗೆ ಬೇಕಿಲ್ಲ.

ಸಂಜೆ ಮನೆಯಲ್ಲಿ ಎಡಗಡೆ ಪ್ರಶ್ನೆ ಬರೆಯಬೇಕು. “ಮದ್ರಾಸ್ ಒಪ್ಪಂದದ ಕರಾರುಗಳೇನು?” ಎಂದು ಬರೆದರೆ ಅದು ಗೈಡಿನ ಪ್ರಶ್ನೆ, ಪರವಾಗಿಲ್ಲ, ಆದರೆ ಅದರಾಚೆಗೂ ಹೋಗಬಹುದು. “ಮದ್ರಾಸಿನಲ್ಲಿ ಕೊಟ್ಟ ಮಾತು ಎಲ್ಲಿ ಮುರಿಯಿತು?” “ಮಾಹೆ ಫ್ರೆಂಚರದ್ದು. ಅದು ಹೋದರೆ ಹೈದರನಿಗೇಕೆ ಸಿಟ್ಟು?” ಎರಡನೆಯ ಪ್ರಶ್ನೆ ಕೇಳಿಕೊಂಡಾಗಲೇ ಬರೆಸಿದ ನೋಟ್ಸಿನಲ್ಲಿ ಉತ್ತರವಿಲ್ಲ ಎಂದು ತಿಳಿಯುವುದು. ಪಠ್ಯಪುಸ್ತಕ ತೆಗೆದು ನೋಡಿದರೆ ಸಿಗುತ್ತದೆ: ಹೈದರನಿಗೆ ಶಸ್ತ್ರ, ಮದ್ದುಗುಂಡು ಬರುತ್ತಿದ್ದ ದಾರಿ ಅದು. ಈ ಒಂದು ಸಾಲು ಸೇರಿದ ಕೂಡಲೇ 1779 ಎಂಬ ಇಸವಿಗೆ ಕೊಕ್ಕೆ ಬೀಳುತ್ತದೆ. ಕೆಳಗಿನ ಜಾಗದಲ್ಲಿ ಸಾರ: “ನೆರವಿನ ಮಾತು ತಪ್ಪಿತು, ಶಸ್ತ್ರದ ದಾರಿ ಮುಚ್ಚಿತು, 1780ರಲ್ಲಿ ಹೈದರ್ ಯುದ್ಧಕ್ಕೆ ಇಳಿದ.”

ಪಾಠ ಪೂರ್ತಿಯಾದಾಗ ನಾಲ್ಕು ಯುದ್ಧಗಳಿಗೆ ಸೇರಿ ಒಂದೇ ಪುಟ ಮಾಡಿಕೊಳ್ಳಿ, ಎಡದಿಂದ ಬಲಕ್ಕೆ ನಾಲ್ಕು ಮನೆ. 1769ರಲ್ಲಿ ಹೈದರ್ ಮದ್ರಾಸಿನ ಬಾಗಿಲವರೆಗೆ ಹೋಗಿ ಒಪ್ಪಂದ ಮಾಡಿಸಿದ. 1784ರ ಮಂಗಳೂರು ಒಪ್ಪಂದದಲ್ಲಿ ಟಿಪ್ಪು ಮತ್ತು ಕಂಪನಿ ಸರಿಸಮ. ಗೆದ್ದದ್ದನ್ನು ಇಬ್ಬರೂ ಬಿಟ್ಟುಕೊಟ್ಟರು. ಹಸಿರು ಗೆರೆಯ ಕೆಳಗೆ ಇದ್ದದ್ದು ಇದೇ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಆ ಹಣ ಪೂರ್ತಿ ತೀರುವವರೆಗೆ ಇಬ್ಬರು ಮಕ್ಕಳು ಒತ್ತೆ. 1799ರ ಮೇ 4ಕ್ಕೆ ಎಲ್ಲವೂ ಮುಗಿಯಿತು. ನಾಲ್ಕು ಪುಟಗಳಲ್ಲಿ ಹರಡಿದ್ದಾಗ ಕಾಣದ ಇಳಿಜಾರು ಒಂದೇ ಪುಟದಲ್ಲಿ ಕಣ್ಣಿಗೆ ರಾಚುತ್ತದೆ. ಒಪ್ಪಂದಗಳ ಹೆಸರು ಅದಲುಬದಲಾಗುವುದೂ ತಪ್ಪುತ್ತದೆ. ಪ್ರತಿ ವರ್ಷದ ಉತ್ತರಪತ್ರಿಕೆಗಳಲ್ಲಿ ಮಂಗಳೂರು ಒಪ್ಪಂದಕ್ಕೆ ಒತ್ತೆಯಾಳುಗಳನ್ನು ಕಳಿಸುವ ಮಕ್ಕಳು ನನಗೆ ಸಿಗುತ್ತಲೇ ಇರುತ್ತಾರೆ.

ಆದರೆ ಪುಟ ಎಷ್ಟೇ ಚೆನ್ನಾಗಿದ್ದರೂ ಅದನ್ನು ಬರೀ ಓದುತ್ತಿದ್ದರೆ ಹಾಡಿದ್ದೇ ಹಾಡುವ ಕಿಸಬಾಯಿ ದಾಸನ ಕಥೆಯೇ. ಎಡಗಡೆಯ ಅಂಕಣ ಇರುವುದು ಬಲಗಡೆಯನ್ನು ಮುಚ್ಚುವುದಕ್ಕೆ. ಒಂದು ಹಾಳೆಯನ್ನು ಬಲಭಾಗದ ಮೇಲೆ ಇಟ್ಟು, ಪ್ರಶ್ನೆಯನ್ನಷ್ಟೇ ನೋಡಿ ಉತ್ತರ ಹೇಳಬೇಕು. ಇದಕ್ಕೆ ನಮ್ಮಲ್ಲಿ ಹಳೆಯ ಹೆಸರೊಂದಿದೆ: ಒಪ್ಪಿಸುವುದು. ಮಗ್ಗಿ ಒಪ್ಪಿಸಿದ್ದೇವೆ, ಪದ್ಯ ಒಪ್ಪಿಸಿದ್ದೇವೆ. ಸ್ಲೇಟಿನ ಮೇಲೆ ಬರೆದು ತೋರಿಸಿ, ಒರೆಸಿ, ಮತ್ತೆ ಬರೆದಿದ್ದೇವೆ. ಅದಕ್ಕೂ ಹಿಂದೆ ಕಡತವಿತ್ತು; ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ ಮಡಿಸಿದ ಕಪ್ಪು ಪುಸ್ತಕ, ಬಳಪದಲ್ಲಿ ಬರೆದು ಅಳಿಸಬಹುದಾಗಿತ್ತು. (ಈಗ ಕಡತ ಎಂದರೆ ಕಚೇರಿಯಲ್ಲಿ ಅಲುಗದೇ ಕೂರುವ ವಸ್ತು. ಪದಕ್ಕೂ ಒಂದು ಹಣೆಬರಹ.) ಒಪ್ಪಿಸುವಾಗ ಬರೆದದ್ದನ್ನು ಕಾಪಾಡಿಕೊಳ್ಳಬೇಕಿಲ್ಲ. ಜೆರಾಕ್ಸ್ ಅಂಗಡಿಯ ಹಾಳು ಹಾಳೆಯ ಹಿಂಬದಿ ಸಾಕು.

ಒಪ್ಪಿಸುವುದನ್ನು ನಾವು ಗಿಳಿಪಾಠ ಎಂದು ಹಳಿದು ಮೂಲೆಗೆ ಸೇರಿಸಿದೆವು. ಅರ್ಥವಿಲ್ಲದೆ ಒಪ್ಪಿಸಿದರೆ ಅದು ಗಿಳಿಪಾಠವೇ ಸರಿ. ಆದರೆ ತನ್ನ ಮಾತಿನಲ್ಲಿ ಒಪ್ಪಿಸುವುದರ ಬಲವನ್ನು ಪ್ರಯೋಗಗಳು ಮತ್ತೆ ಮತ್ತೆ ತೋರಿಸಿವೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಕಾಲೇಜು ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಕೊಟ್ಟರು. ಕೆಲವನ್ನು ಎರಡು ಸಲ ಓದಿಸಿದರು. ಕೆಲವನ್ನು ಒಂದು ಸಲ ಓದಿಸಿ, ನೋಡದೆ ನೆನಪಿನಿಂದ ಬರೆಸಿದರು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಎರಡು ಸಲ ಓದಿದ್ದೇ ಮೇಲು: ಶೇ 81ಕ್ಕೆ ಎದುರು ಶೇ 75. ಒಂದು ವಾರದ ಬಳಿಕ ಲೆಕ್ಕ ತಿರುಗಿತು. ಎರಡು ಸಲ ಓದಿದ್ದು ಶೇ 42, ನೆನಪಿನಿಂದ ಬರೆದದ್ದು ಶೇ 56.

ಆ ಐದು ನಿಮಿಷದ ಫಲಿತಾಂಶವೇ ಮಕ್ಕಳನ್ನು ಮೋಸಗೊಳಿಸುವುದು. ಈಗತಾನೇ ಓದಿದ ಪುಟ ಕಣ್ಣಿಗೆ ಪರಿಚಿತ. ಪರಿಚಯವನ್ನು ತಿಳಿವಳಿಕೆ ಎಂದುಕೊಳ್ಳುತ್ತೇವೆ. ಬೀದಿಯಲ್ಲಿ ದಿನಾ ಕಾಣುವ ಮುಖದ ಹೆಸರು ಕೇಳಿದರೆ ತಬ್ಬಿಬ್ಬಾಗುವುದಿಲ್ಲವೇ, ಹಾಗೆ. ಬಣ್ಣದ ಗೆರೆಯ ಹಣೆಬರಹವೂ ಇದೇ. 2013ರಲ್ಲಿ ಜಾನ್ ಡನ್ಲಾಸ್ಕಿ ಮತ್ತು ಸಂಗಡಿಗರು ಓದುವ ಹತ್ತು ವಿಧಾನಗಳನ್ನು ತೂಗಿ ನೋಡಿದಾಗ ಗೆರೆ ಎಳೆಯುವುದು, ಮತ್ತೆ ಮತ್ತೆ ಓದುವುದು ಎರಡೂ ಕೆಳಗಿನ ಸಾಲಿಗೆ ಬಿದ್ದವು. ಮೇಲಿನ ಸಾಲಿನಲ್ಲಿ ಉಳಿದವು ಎರಡೇ: ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ಓದನ್ನು ದಿನಗಳ ಮೇಲೆ ಹರಡುವುದು.

ಹರಡುವುದು ಎಂದರೆ ವೇಳಾಪಟ್ಟಿಯ ದೊಡ್ಡ ರಾದ್ಧಾಂತವೇನೂ ಬೇಡ. ಪಾಠವಾದ ಸಂಜೆ ಒಮ್ಮೆ, ಎರಡು ಮೂರು ದಿನ ಬಿಟ್ಟು ಒಮ್ಮೆ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ. ಉತ್ತರ ಬಾರದ ಪ್ರಶ್ನೆಯ ಪಕ್ಕ ಪೆನ್ಸಿಲಿನಲ್ಲಿ ಒಂದು ಚುಕ್ಕೆ. ಚುಕ್ಕೆ ಹೆಚ್ಚಿದ ಪ್ರಶ್ನೆಗಳಿಗೆ ಬೇಗ ಬೇಗ ಸರದಿ, ಚುಕ್ಕೆ ಇಲ್ಲದವು ಕಾಯಲಿ. 1970ರ ದಶಕದಲ್ಲಿ ಜರ್ಮನ್ ಭಾಷೆಯಲ್ಲಿ ಬರೆಯುತ್ತಿದ್ದ ಸೆಬಾಸ್ಟಿಯನ್ ಲೈಟ್ನರ್ ಇದನ್ನೇ ಚೀಟಿ ಮತ್ತು ಡಬ್ಬಿಗಳಲ್ಲಿ ಮಾಡಿ ತೋರಿಸಿದರು. ಡಬ್ಬಿ ಇಡಲು ಮನೆಯಲ್ಲಿ ಜಾಗವಿಲ್ಲದವರಿಗೆ ಚುಕ್ಕೆಯೇ ಅನುಕೂಲ.

ರೈಲಿನಲ್ಲಿ ಓಡಾಡುವ ಮಕ್ಕಳಿಗೆ ನಾನು ಹೇಳುವ ಉಪಾಯ ಇನ್ನೂ ಸುಲಭ. ಮಂಡ್ಯದಲ್ಲಿ ಹತ್ತಿ ಯಲಿಯೂರಿನವರೆಗೆ ಒಂದು ಪುಟ ಓದು. ಯಲಿಯೂರಿನಿಂದ ಬ್ಯಾಡರಹಳ್ಳಿಯವರೆಗೆ ಪುಸ್ತಕ ಮುಚ್ಚಿ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಾ ಒಪ್ಪಿಸು. ಪಾಂಡವಪುರದಲ್ಲಿ ತೆರೆದು ಚುಕ್ಕೆ ಇಡು. ಮಂಡ್ಯದಲ್ಲಿ ಓದಿದ ಮೊದಲ ಪ್ರಶ್ನೆಯನ್ನು ಶ್ರೀರಂಗಪಟ್ಟಣದಲ್ಲಿ ಇನ್ನೊಮ್ಮೆ ಕೇಳಿಕೊ. ಮೈಸೂರು ಯುದ್ಧಗಳನ್ನು ಓದುವವರಿಗೆ ಇದಕ್ಕಿಂತ ಒಳ್ಳೆಯ ತರಗತಿ ಎಲ್ಲಿ ಸಿಕ್ಕೀತು? ಈ ಹಳಿಯನ್ನು ಜೋಡಿ ಮಾಡುವುದಕ್ಕೆ 2017ರಲ್ಲಿ ಟಿಪ್ಪುವಿನ ಶಸ್ತ್ರಾಗಾರವನ್ನೇ ಇಡಿಯಾಗಿ ಎತ್ತಿ ನೂರಾರು ಅಡಿ ಪಕ್ಕಕ್ಕೆ ಸರಿಸಿದ್ದಾರೆ.

ಬರೆಸುವ ನೋಟ್ಸಿನ ಗತಿ ಏನು ಎಂದು ಮಕ್ಕಳು ಕೇಳುತ್ತಾರೆ. ಬರೆಸಿದರೆ ಬರೆಯಲೇಬೇಕು, ತಪ್ಪಿಸಿಕೊಳ್ಳುವಂತಿಲ್ಲ. ಹಾಗಾದರೆ ಪುಸ್ತಕದ ಬಲಪುಟದಲ್ಲಿ ಮಾತ್ರ ಬರೆದುಕೊಂಡು ಎಡಪುಟ ಖಾಲಿ ಬಿಡಿ. ಪ್ರಶ್ನೆ, ಬಾಣ, ಸಾರ ಎಲ್ಲವೂ ಎಡಪುಟಕ್ಕೆ. ಜೆರಾಕ್ಸ್ ನೋಟ್ಸಿಗೂ ಇದೇ ಮದ್ದು: ಹಿಂಬದಿ ಖಾಲಿ ಇರುತ್ತದೆ, ಪ್ರಶ್ನೆಗಳನ್ನು ಅಲ್ಲಿ ನಿಮ್ಮ ಕೈಯಾರೆ ಬರೆಯಿರಿ. ಹಾಗೆ ಬರೆಯದಿದ್ದರೆ ನಿಮ್ಮ ಹತ್ತಿರ ಇರುವುದು ಇನ್ನೊಬ್ಬರ ಓದಿನ ರಸೀದಿ.

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಪಿಯುಸಿಯಲ್ಲಿ ವಿಜ್ಞಾನಕ್ಕೆ ಸೇರಿದವರ ಕಷ್ಟ ಬೇರೆ. ಮಂಡ್ಯದ ಹಳ್ಳಿಗಳಿಂದ ಬರುವ ಮಕ್ಕಳಲ್ಲಿ ಇದನ್ನು ಪ್ರತಿ ಜೂನ್ ತಿಂಗಳು ನೋಡುತ್ತೇನೆ. ದ್ಯುತಿಸಂಶ್ಲೇಷಣೆ ಚೆನ್ನಾಗಿ ಗೊತ್ತು, ಫೋಟೊಸಿಂಥೆಸಿಸ್ ಎಂದರೆ ಗಾಬರಿ; ವಕ್ರೀಭವನದ ಚಿತ್ರ ಬರೆಯಬಲ್ಲರು, ರಿಫ್ರಾಕ್ಷನ್ ಎಂಬ ಹೆಸರಿಗೆ ಬೆವರುತ್ತಾರೆ. ಗೊತ್ತಿರುವುದನ್ನೇ ಗೊತ್ತಿಲ್ಲವೆಂದುಕೊಂಡು ಇಂಗ್ಲಿಷ್ ವಾಕ್ಯಗಳನ್ನು ಉರು ಹೊಡೆಯಲು ಕೂರುತ್ತಾರೆ. ಅಂಥವರ ನೋಟ್ಸಿನಲ್ಲಿ ಎಡ ಅಂಕಣದ ಪ್ರಶ್ನೆ ಕನ್ನಡದಲ್ಲೇ ಇರಲಿ. ವಿವರಣೆಯನ್ನೂ ಮೊದಲ ಮೂರು ನಾಲ್ಕು ತಿಂಗಳು ಕನ್ನಡದಲ್ಲೇ ಬರೆದು, ಪಾರಿಭಾಷಿಕ ಪದವನ್ನು ಮಾತ್ರ ಇಂಗ್ಲಿಷಿನಲ್ಲಿ ಇಟ್ಟುಕೊಳ್ಳಲಿ. ಪರೀಕ್ಷೆಗೆ ಇಂಗ್ಲಿಷಿನಲ್ಲಿ ಬರೆಯಬೇಕಲ್ಲ ಎಂಬ ಆತಂಕ ಸಹಜ. ಅರ್ಥ ಕೂತ ಮೇಲೆ ವಾಕ್ಯ ಕಟ್ಟುವುದನ್ನು ಕಲಿಯಬಹುದು, ತಿರುಗುಮುರುಗಾಗಿ ಕಲಿತವರನ್ನು ನಾನು ಕಂಡಿಲ್ಲ.

ಗಣಿತಕ್ಕೆ ಈ ಅಂಕಣಗಳು ಅಷ್ಟಾಗಿ ಒಗ್ಗುವುದಿಲ್ಲ. ಅಲ್ಲಿ ಬೇಕಾದದ್ದು ತಪ್ಪಿನ ಪುಸ್ತಕ: ತಪ್ಪಾದ ಲೆಕ್ಕ, ಯಾವ ಹೆಜ್ಜೆಯಲ್ಲಿ ತಪ್ಪಿತು ಎಂದು ಒಂದು ಸಾಲು, ಅಷ್ಟೇ. ಚಿಹ್ನೆ ಬಿಟ್ಟದ್ದೇ ಇಪ್ಪತ್ತು ಸಲ ಎಂದು ತಿಂಗಳ ಕೊನೆಗೆ ಕಾಣಿಸಿದರೆ ನಾಚಿಕೆಯೇ ಪಾಠ ಹೇಳುತ್ತದೆ.

ಲ್ಯಾಪ್‌ಟಾಪೋ ಕೈಬರಹವೋ ಎಂಬ ಜಗಳಕ್ಕೆ ಒಂದು ಮಾತು. ಪ್ಯಾಮ್ ಮುಲ್ಲರ್ ಮತ್ತು ಡೇನಿಯಲ್ ಒಪೆನ್‌ಹೈಮರ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದವರು ಹೆಚ್ಚು ಪದ ಬರೆದುಕೊಂಡಿದ್ದರು, ಅರ್ಥ ಕೇಳುವ ಪ್ರಶ್ನೆಗಳಲ್ಲಿ ಹಿಂದೆ ಬಿದ್ದಿದ್ದರು. ಕೈಬರಹವೇ ಶ್ರೇಷ್ಠ ಎಂದು ಎಲ್ಲೆಡೆ ಸುದ್ದಿಯಾಯಿತು. ಆಮೇಲೆ ಬೇರೆಯವರು ಅದೇ ಪ್ರಯೋಗ ಮಾಡಿದಾಗ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ನನ್ನ ಲೆಕ್ಕದಲ್ಲಿ ಸಾಧನದ ಮೇಲೆ ತಪ್ಪು ಹೊರಿಸುವಂಥದ್ದು ಏನೂ ಇಲ್ಲ. ವೇಗವಾಗಿ ಟೈಪ್ ಮಾಡುವವರಿಗೆ ಆರಿಸುವ ಒತ್ತಡ ಇಲ್ಲ, ಎಲ್ಲವನ್ನೂ ಬಡಿದು ಹಾಕುತ್ತಾರೆ. ಪೆನ್ನು ಹಿಡಿದವರನ್ನು ಕೈಯ ನಿಧಾನವೇ ಆರಿಸುವಂತೆ ಮಾಡುತ್ತದೆ. ಕರಿಹಲಗೆಯ ಫೋಟೊವನ್ನು ಮೊಬೈಲಿನಲ್ಲಿ ತೆಗೆದು ನಿಶ್ಚಿಂತರಾಗುವವರು ಮಾತ್ರ ಎರಡೂ ಗುಂಪಿಗೆ ಸೇರುವುದಿಲ್ಲ. ಆ ಫೋಟೊಗಳನ್ನು ತೆರೆದು ನೋಡಿದವರು ಎಷ್ಟು ಜನ ಎಂದು ತರಗತಿಯಲ್ಲಿ ಒಮ್ಮೆ ಕೈ ಎತ್ತಿಸಿದ್ದೆ. ಮೂರು ಕೈ.

ಹಸಿರು ಗೆರೆಯ ಹುಡುಗಿ ಮತ್ತೆ ಸಿಕ್ಕಿದ್ದು ತಿಂಗಳ ಮೇಲೆ, ಅದೇ ರೈಲಿನಲ್ಲಿ. ಈ ಸಲ ಪುಸ್ತಕ ಅಷ್ಟು ಚೆಂದವಿರಲಿಲ್ಲ. ಬಾಣಗಳು, ಕಾಟುಗಳು, ಎಡಗಡೆ ಸಣ್ಣಗೆ ಒತ್ತೊತ್ತಾಗಿ ಪ್ರಶ್ನೆಗಳು. ನಾನು ಏನೂ ಕೇಳಲಿಲ್ಲ. ಪುಸ್ತಕ ಮುಚ್ಚಿಕೊಂಡು ತುಟಿ ಆಡಿಸುತ್ತಿದ್ದಳು. ರೈಲು ಕಾವೇರಿಯ ಎರಡನೆಯ ಸೇತುವೆ ದಾಟಿ ನಾಗನಹಳ್ಳಿ ಬಿಟ್ಟ ಮೇಲೆ ತೆರೆದು ನೋಡಿ ನಾಲಿಗೆ ಕಚ್ಚಿಕೊಂಡಳು.

“ಯಾವುದು?” ಎಂದೆ.

“ಮಾಹೆ ಮೇಡಂ. ಮೂರನೆಯ ಸಲ.”

ಕಿವಿಯ ಹಿಂದಿನಿಂದ ಪೆನ್ಸಿಲ್ ತೆಗೆದು ಎರಡು ಚುಕ್ಕೆಗಳ ಪಕ್ಕ ಇನ್ನೊಂದು ಇಟ್ಟಳು. ಪುಸ್ತಕವನ್ನು ಚೀಲಕ್ಕೆ ತುರುಕಿ ಇಳಿಯುವವರ ಸಾಲಿಗೆ ನುಗ್ಗಿದಳು.